ಚಳಗೇರಿಯ ನವೀನ ಮತ್ತು ನಾವು ಮಾಸ್ತರರು

2022ರ ಮಾರ್ಚ್ 1, ಮಂಗಳವಾರ. ಅಂದು ಮಹಾಶಿವರಾತ್ರಿ. ಸಿಂದಗಿಯ ನಮ್ಮ ಮನೆಯಲ್ಲಿ ಎಲ್ಲರೂ ಉಪವಾಸವಿದ್ದೆವು. ಮಧ್ಯಾಹ್ನ ನಾಲ್ಕು ಖರ್ಜೂರ ತಿಂದು ಟಿವಿಯ ಮುಂದೆ ಕುಳಿತಾಗ ಆ ಸುದ್ದಿ ಬಂದಿತು. ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಡೆದ ಶೆಲ್ ದಾಳಿಯಲ್ಲಿ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಮೃತಪಟ್ಟಿದ್ದ. ಹೆಸರು ನವೀನ ಶೇಖರಪ್ಪ ಗ್ಯಾನಗೌಡರ. ಊರು ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿ. ಖಾರ್ಕಿವ್ ರಾಷ್ಟ್ರೀಯ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ನಾಲ್ಕನೆಯ ವರ್ಷದಲ್ಲಿ ಓದುತ್ತಿದ್ದ. ಆಹಾರ ತರಲೆಂದು ಹೊರಗೆ ಹೋಗಿ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಸಾವು ಬಂದೆರಗಿತ್ತು. ನಾವು ಹರಕೆಗಾಗಿ ಹಸಿದಿದ್ದೆವು. ಆ ಹುಡುಗ ನಿಜವಾಗಿಯೂ ಹಸಿದಿದ್ದ. ಅಂದು ರಾತ್ರಿ ಜಾಗರಣೆಗೆ ಗುಡಿಗೆ ಹೋದರೂ ಭಜನೆಯಲ್ಲಿ ಮನಸ್ಸು ನಿಲ್ಲಲಿಲ್ಲ.

ನವೀನ ನನ್ನ ವಿದ್ಯಾರ್ಥಿಯಲ್ಲ. ಅವನನ್ನು ನಾನು ಕಂಡವನೂ ಅಲ್ಲ. ಆದರೂ ಇಲ್ಲಿ ಏಕವಚನದಲ್ಲಿ ಬರೆಯುತ್ತಿದ್ದೇನೆ. ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ಸಿಂದಗಿ ಹೀಗೆ ವರ್ಗವಾದಲ್ಲೆಲ್ಲ ಮೂರು ದಶಕ ಜೀವಶಾಸ್ತ್ರ ಹೇಳಿಕೊಟ್ಟ ಮಾಸ್ತರನಿಗೆ ಅಷ್ಟು ಸಲುಗೆ ಇರಲೆಂದು ಓದುಗರು ಮನ್ನಿಸಬೇಕು. ಮಾರ್ಚ್ ತಿಂಗಳು ನಮ್ಮಲ್ಲಿ ಪರೀಕ್ಷೆಯ ಕಾಲ. ಪ್ರತಿವರ್ಷ ಆ ತಿಂಗಳು ಬಂದಾಗ ಆ ಹುಡುಗ ನೆನಪಾಗುತ್ತಾನೆ. ಅವನನ್ನು ನಾವು ನೆನೆಯುತ್ತಿರುವ ರೀತಿ ಸರಿಯೇ ಎಂಬ ಪ್ರಶ್ನೆಯೂ ಅದರ ಹಿಂದೆಯೇ ಏಳುತ್ತದೆ. ಆ ಕುರಿತು ನನ್ನ ಅಭಿಪ್ರಾಯವನ್ನು ಹೇಳಬೇಕೆನಿಸಿದೆ.

ಪಿಯುಸಿಯಲ್ಲಿ ಶೇಕಡಾ 97 ಅಂಕ ಪಡೆದರೂ ಮಗನಿಗೆ ರಾಜ್ಯದಲ್ಲಿ ವೈದ್ಯಕೀಯ ಸೀಟು ಸಿಗಲಿಲ್ಲವೆಂದು ಅವನ ತಂದೆ ಆ ದಿನ ದುಃಖದಲ್ಲಿ ಹೇಳಿದರು. ತಂದೆಯ ಬಾಯಲ್ಲಿ ಆ ಮಾತಿಗೆ ಒಂದು ನ್ಯಾಯವಿತ್ತು. ಅದು ವ್ಯವಸ್ಥೆಯ ಮೇಲಿನ ಪ್ರಶ್ನೆಯಾಗಿತ್ತು. ಆದರೆ ನಾವೆಲ್ಲ ಆ 97ನ್ನೇ ಹಿಡಿದುಕೊಂಡೆವು. ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಎಲ್ಲೆಡೆಯೂ ಅದೇ ಮಾತು: ‘ತೊಂಬತ್ತೇಳು ತಗದಿದ್ದನಂತ, ಎಂಥಾ ಹುಡುಗ ಹೋದ!’ ಅರವತ್ತು ತೆಗೆದಿದ್ದರೆ ಹೋದದ್ದು ಸಣ್ಣ ನಷ್ಟವಾಗುತ್ತಿತ್ತೇ? ಯಾರೂ ಹಾಗೆಂದು ಹೇಳಲಿಲ್ಲ. ಆದರೆ ಮಾತಿನ ಒಳಗೆ ಆ ಲೆಕ್ಕ ಇದ್ದೇ ಇತ್ತು.

ಇನ್ನೊಂದು ಬಗೆಯ ಮಾತೂ ಕೇಳಿಬಂದಿತು. ‘ಅಷ್ಟು ದೂರ ಯಾಕ ಹೋಗಬೇಕಿತ್ತು?’ ಹೊರದೇಶದಲ್ಲಿ ಓದಿದವರಲ್ಲಿ ಹೆಚ್ಚಿನವರು ಇಲ್ಲಿನ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣರಾಗುತ್ತಾರೆಂಬ ಮಾತನ್ನು ಜವಾಬ್ದಾರಿಯ ಸ್ಥಾನದಲ್ಲಿದ್ದವರೇ ಆ ದಿನಗಳಲ್ಲಿ ಆಡಿದರು. ಆ ಪರೀಕ್ಷೆಯ ಫಲಿತಾಂಶ ಕಡಿಮೆ ಎಂಬುದು ನಿಜ. ಆದರೆ ಸಾವಿನ ಮನೆಯ ಮುಂದೆ ನಿಂತು ಆಡುವ ಮಾತು ಅದಲ್ಲ. ಏಕೆ ಹೋದರೆಂಬುದಕ್ಕೆ ಉತ್ತರ ನಮ್ಮ ಕಣ್ಣೆದುರಿಗೇ ಇದೆ. ನಮ್ಮ ವಿಜಯಪುರ ಜಿಲ್ಲಾ ಕೇಂದ್ರದಲ್ಲಿ ನಾನು ಸೇವೆಯಲ್ಲಿದ್ದ ಕಾಲದಿಂದಲೂ ಇರುವ ಎರಡು ವೈದ್ಯಕೀಯ ಕಾಲೇಜುಗಳೂ ಖಾಸಗಿಯವು. ಸರ್ಕಾರಿ ಸೀಟಿಗೆ ಬೇಕಾದ ರ‍್ಯಾಂಕ್ ಬಾರದಿದ್ದರೆ ಆಡಳಿತ ಮಂಡಳಿಯ ಪಾಲಿನ ಸೀಟಿಗೆ ಬೇಕಾಗುವ ಹಣ ಒಕ್ಕಲುತನದ ಮನೆಯವರು ಎಣಿಸುವಂಥದ್ದಲ್ಲ. ಅದಕ್ಕಿಂತ ಬಹಳ ಕಡಿಮೆ ಖರ್ಚಿನಲ್ಲಿ ಉಕ್ರೇನಿನಲ್ಲಿ ಓದು ಮುಗಿಯುತ್ತಿತ್ತು. ನಮ್ಮ ಜಿಲ್ಲೆಯ ಮಕ್ಕಳೂ ಅಲ್ಲಿದ್ದರು. ‘ಆಪರೇಷನ್ ಗಂಗಾ’ದ ವಿಮಾನಗಳು ಬರುವವರೆಗೆ ಅವರ ತಾಯಂದಿರು ಊಟ ಬಿಟ್ಟು ಫೋನು ಹಿಡಿದು ಕುಳಿತಿದ್ದರು.

ಸರ್ಕಾರವನ್ನು ದೂರುವುದು ಸುಲಭ, ದೂರಬೇಕಾದಲ್ಲಿ ದೂರಲೇಬೇಕು. ಆದರೆ ಈ ಅಂಕಗಳ ಲೆಕ್ಕವನ್ನು ಮಕ್ಕಳ ತಲೆಯಲ್ಲಿ ಮೊದಲು ಬಿತ್ತಿದವರು ಯಾರು? ನಾವು ಮಾಸ್ತರರು. ಇದನ್ನು ಬೇರೆಯವರ ಮೇಲೆ ಹಾಕಿ ಹೇಳುತ್ತಿಲ್ಲ.

ಇಂಡಿ ತಾಲ್ಲೂಕಿನ ಶಾಲೆಯಲ್ಲಿದ್ದಾಗ ಒಬ್ಬ ಹುಡುಗನಿದ್ದ. ಲಿಂಬೆ ತೋಟದವರ ಮಗ. ಹತ್ತನೆಯ ತರಗತಿಯಲ್ಲಿ ಶಾಲೆಗೆ ಮೊದಲಿಗನಾದ. ಸತ್ಕಾರ ಸಮಾರಂಭದಲ್ಲಿ ಊರವರೆಲ್ಲರ ಮುಂದೆ ನಾನು ಅವನ ತಂದೆಗೆ ಹೇಳಿದೆ: ‘ಗೌಡ್ರ, ನಿಮ್ಮ ಮಗ ಡಾಕ್ಟರ್ ಆಗ್ಲಿಕ್ಕೇ ಹುಟ್ಯಾನ. ಹೊಲ ಮಾರಿದ್ರೂ ಚಿಂತಿಲ್ಲ, ಓದಸ್ರಿ.’ ಚಪ್ಪಾಳೆ ಬಿದ್ದವು. ನಾನು ವರ್ಗವಾಗಿ ಬೇರೆ ಊರಿಗೆ ಹೋದೆ. ಅವರು ಎರಡು ಎಕರೆ ಮಾರಿ ಕೋಚಿಂಗಿಗೆ ಕಳಿಸಿದರೆಂದೂ, ಹುಡುಗ ಮೂರು ಸಲ ನೀಟ್ ಬರೆದನೆಂದೂ ನನಗೆ ಗೊತ್ತಾದದ್ದು ಬಹಳ ತಡವಾಗಿ.

ನವೀನ ತೀರಿಕೊಂಡ ವರ್ಷದ ಬೇಸಿಗೆಯಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಒಂದು ಲ್ಯಾಬಿಗೆ ಹೋಗಿದ್ದೆ. ಮುಖಕ್ಕೆ ಮಾಸ್ಕ್ ಹಾಕಿಕೊಂಡಿದ್ದ ತರುಣನೊಬ್ಬ ನನ್ನ ತೋಳಿನಿಂದ ರಕ್ತ ತೆಗೆದ. ಸೂಜಿ ಚುಚ್ಚಿದ್ದೇ ತಿಳಿಯಲಿಲ್ಲ, ಅಷ್ಟು ಹಗುರವಾದ ಕೈ. ಹತ್ತಿ ಒತ್ತಿ ಹಿಡಿದು ಮೆಲ್ಲಗೆ ಕೇಳಿದ: ‘ಸರ್, ನನ್ನ ಗುರ್ತು ಸಿಕ್ತೇನ್ರಿ?’ ಮಾಸ್ಕ್ ಸರಿಸಿದಾಗ ಗುರುತು ಹತ್ತಿತು. ‘ಇಷ್ಟ ದಿನ ಎಲ್ಲಿದ್ಯೋ, ಒಮ್ಮೆನೂ ಮನೀಗೆ ಬರ್ಲಿಲ್ಲಲ್ಲ?’ ಎಂದೆ. ‘ನಿಮ್ಮ ಮುಂದ ಬರಾಕ ನಾಚಿಕಿ ಆಗಿತ್ರಿ ಸರ್. ಡಾಕ್ಟರ್ ಆಗ್ತಾನಂತ ನೀವು ಎಲ್ಲಾರ ಮುಂದ ಹೇಳಿದ್ರಲ್ರಿ’ ಎಂದ.

ನನಗೆ ಉತ್ತರ ಹೊಳೆಯಲಿಲ್ಲ. ನಾಚಬೇಕಾದವನು ಅವನಲ್ಲ. ಪ್ರೋತ್ಸಾಹವೆಂದು ತಿಳಿದು ನಾನು ಆಡಿದ ಮಾತು ಒಬ್ಬ ಒಳ್ಳೆಯ ಹುಡುಗನನ್ನು ಎಷ್ಟೋ ವರ್ಷ ನನ್ನ ದಾರಿ ತಪ್ಪಿಸಿಕೊಂಡು ತಿರುಗುವಂತೆ ಮಾಡಿತ್ತು. ಇಂಥವರು ಇನ್ನೆಷ್ಟು ಮಂದಿಯೋ!

ಹಾಗಾದರೆ ನವೀನನನ್ನು ಯಾವುದರಿಂದ ನೆನೆಯಬೇಕು? ಅವನ ಹೆತ್ತವರೇ ಅದನ್ನು ತೋರಿಸಿಕೊಟ್ಟಿದ್ದಾರೆ. ಯುದ್ಧದ ನಡುವೆ ಮೃತದೇಹ ಸಿಗುವುದೇ ಕಷ್ಟವಾಗಿತ್ತು. ಇಪ್ಪತ್ತು ದಿನ ಕಾದ ಮೇಲೆ, ಮಾರ್ಚ್ 21ರ ನಸುಕಿನಲ್ಲಿ ಅದು ಬೆಂಗಳೂರಿಗೆ ಬಂದಿತು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ವಿಮಾನ ನಿಲ್ದಾಣದಲ್ಲಿ ಅಂತಿಮ ನಮನ ಸಲ್ಲಿಸಿದರು. ಚಳಗೇರಿಯಲ್ಲಿ ವೀರಶೈವ ಸಂಪ್ರದಾಯದಂತೆ ಪೂಜೆಯಾಯಿತು. ಆದರೆ ಸಮಾಧಿ ಮಾಡಲಿಲ್ಲ. ಮಗ ವೈದ್ಯಕೀಯದಲ್ಲಿ ಏನನ್ನಾದರೂ ಸಾಧಿಸಬೇಕೆಂದಿದ್ದ, ಅದು ಆಗಲಿಲ್ಲ, ಅವನ ದೇಹವಾದರೂ ಇತರ ವಿದ್ಯಾರ್ಥಿಗಳ ಓದಿಗೆ ಉಪಯೋಗವಾಗಲಿ ಎಂದು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ಒಪ್ಪಿಸಿದರು.

ಇದು ಎಷ್ಟು ದೊಡ್ಡ ಕೆಲಸವೆಂಬುದು ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ಸತ್ತವರನ್ನು ವಿಭೂತಿ, ಪತ್ರಿಯೊಡನೆ ಮಣ್ಣು ಮಾಡಿ, ಹೊಲದ ಬದಿಯ ಗದ್ದುಗೆಗೆ ವರ್ಷಕ್ಕೊಮ್ಮೆ ಹೋಗಿ ಕಾಯಿ ಒಡೆದು ಬರುವ ಜನ ನಾವು. ಹೋಗಿ ಕೂಡಲು ಮಗನದೊಂದು ಗದ್ದುಗೆಯೂ ಬೇಡವೆಂದು ತಾಯಿ ತಂದೆ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯಲ್ಲಿ ಎಂಟು ವರ್ಷ ಪಾಠ ಹೇಳಿದ ನಾನು, ದೇಹವನ್ನೇ ಗುಡಿಯೆಂದು ಕಂಡ ಆ ಮಹಾತ್ಮರ ಮಾತನ್ನು ಪ್ರತಿ ಜಯಂತಿಯಂದು ಭಾಷಣದಲ್ಲಿ ಹೇಳುತ್ತಿದ್ದೆ. ಅದನ್ನು ಹೀಗೂ ನಡೆಸಬಹುದೆಂದು ನನಗೆ ತೋರಿಸಿದ್ದು ಚಳಗೇರಿಯ ಆ ಮನೆ.

ವೈದ್ಯಕೀಯ ಕಾಲೇಜಿಗೆ ಸೇರಿದ ಮಕ್ಕಳು ಮೊದಲ ವರ್ಷದಲ್ಲಿ ದೇಹರಚನೆಯನ್ನು ಕಲಿಯುವುದು ಇಂಥ ದೇಹಗಳಿಂದಲೇ. ಅನೇಕ ಕಾಲೇಜುಗಳಲ್ಲಿ ಕಲಿಕೆಗೆ ಮೊದಲು ಆ ದೇಹಕ್ಕೆ ಗೌರವ ಸಲ್ಲಿಸಿ ಪ್ರತಿಜ್ಞೆ ಮಾಡುತ್ತಾರೆ. ಅದನ್ನು ಮೊದಲ ಗುರುವೆಂದು ಕರೆಯುವವರೂ ಇದ್ದಾರೆ. ಸೀಟು ಸಿಗದೆ ದೂರ ಹೋದ ಹುಡುಗ ಕೊನೆಗೆ ತನ್ನ ನಾಡಿನ ಕಾಲೇಜಿಗೆ ಗುರುವಾಗಿ ಬಂದ. ಅದನ್ನು ಯೋಚಿಸಿದಾಗ ಸಮಾಧಾನವೂ ಆಗುತ್ತದೆ, ಸಂಕಟವೂ ಆಗುತ್ತದೆ.

ಆದ್ದರಿಂದ ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ನವೀನನ ಹೆಸರನ್ನು ತರಗತಿಯಲ್ಲಿ ಹೇಳಿ. ಆದರೆ 97ನ್ನು ಬಿಟ್ಟು ಹೇಳಿ. ಅನ್ನಕ್ಕಾಗಿ ಸಾಲಿನಲ್ಲಿ ನಿಂತಿದ್ದನ್ನು ಹೇಳಿ. ಅವನ ಹೆತ್ತವರು ಮಾಡಿದ್ದನ್ನು ಹೇಳಿ. ದೇಹದಾನ, ನೇತ್ರದಾನಗಳ ವಿಚಾರ ಪಾಠದ ನಡುವೆ ಬರಲಿ. ಸತ್ಕಾರ ಸಮಾರಂಭದಲ್ಲಿ ಯಾವ ಮಗುವಿನ ಹಣೆಬರಹವನ್ನೂ ವೇದಿಕೆಯ ಮೇಲೆ ನಿಂತು ಓದಬೇಡಿ. ಡಾಕ್ಟರಾಗದ ಮಗುವಿಗೂ ನಮ್ಮ ಮನೆಯ ಬಾಗಿಲು ತೆರೆದಿದೆಯೆಂದು ಪರೀಕ್ಷೆಗೆ ಮೊದಲೇ, ಫಲಿತಾಂಶಕ್ಕಾಗಿ ಕಾಯದೆ ಹೇಳಿಬಿಡಿ.

ನಾನೂ ದೇಹದಾನದ ಅರ್ಜಿಯನ್ನು ತುಂಬಿ ಇಟ್ಟಿದ್ದೇನೆ. ಅದಕ್ಕೆ ಮನೆಯವರ ಸಹಿ ಬೇಕು. ಮಗ ಇನ್ನೂ ಒಪ್ಪಿಲ್ಲ. ‘ಅಪ್ಪಾ, ನಾವು ಎಲ್ಲಿಗೆ ಹೋಗಿ ಕಾಯಿ ಒಡೀಬೇಕು?’ ಎನ್ನುತ್ತಾನೆ. ಅವನ ಪ್ರಶ್ನೆಯೂ ತಪ್ಪಲ್ಲ, ನಾನು ಒತ್ತಾಯ ಮಾಡುತ್ತಿಲ್ಲ. ಅರ್ಜಿ ಪೆಟ್ಟಿಗೆಯಲ್ಲಿದೆ. ಆ ಲ್ಯಾಬಿನ ಹುಡುಗ ಈಗ ಹಬ್ಬಕ್ಕೊಮ್ಮೆ ಮನೆಗೆ ಬರುತ್ತಾನೆ. ಕಳೆದ ಬಾರಿ ತೋಟದ ಲಿಂಬೆಹಣ್ಣು ತಂದಿದ್ದ. ನನ್ನ ಶಿವರಾತ್ರಿಯ ಉಪವಾಸವನ್ನು ಆ ಹಣ್ಣಿನ ಪಾನಕದಿಂದಲೇ ಬಿಟ್ಟೆ.