ಸಣ್ಣ ಊರಿಗೆ ದೊಡ್ಡ ಬಯಲೇಕೆ?

ಸಣ್ಣ ಊರಿಗೆ ದೊಡ್ಡ ಕ್ರೀಡಾಂಗಣವೇಕೆಂದು ಕೇಳುವ ಮಹನೀಯರು ಫ್ರಾನ್ಸ್ ದೇಶದ ಲಾನ್ಸ್ ಪಟ್ಟಣದ ಕಡೆಗೆ ದೃಷ್ಟಿ ಹರಿಸಬೇಕೆಂದು ನಾವು ವಿನಂತಿಸುವೆವು. ಕಲ್ಲಿದ್ದಲಿನಿಂದ ಬೆಳೆದ ಆ ಊರಿನ ಜನಸಂಖ್ಯೆ ಸುಮಾರು 32,000. ಅದರ ಕಾಲ್ಚೆಂಡಿನ ಬಯಲಿನಲ್ಲಿ ಸ್ಥಳವಿರುವದು ಸುಮಾರು 38,000 ಪ್ರೇಕ್ಷಕರಿಗೆ! ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಗಣಿ ಕೂಲಿಕಾರರೇ ಅದನ್ನು ಕಟ್ಟಿದರು. 1933ರಲ್ಲಿ ಅದು ತೆರೆಯಿತು. 1990ರಲ್ಲಿ ಆ ಸೀಮೆಯ ಕಟ್ಟಕಡೆಯ ಗಣಿಯೂ ಮುಚ್ಚಿತು. ಬಯಲು ಮಾತ್ರ ಉಳಿಯಿತು. 1998ರಲ್ಲಿ ಕಾಲ್ಚೆಂಡಿನ, 1999 ಹಾಗೂ 2007ರಲ್ಲಿ ರಗ್ಬಿಯ ವಿಶ್ವಕಪ್ ಪಂದ್ಯಗಳು ಅಲ್ಲಿಯೇ ನಡೆದವು.

ಊರವರ ದುಡಿಮೆಯಿಂದ ಎದ್ದು, ಒಂದಕ್ಕಿಂತ ಹೆಚ್ಚು ಆಟಗಳಿಗೆ ಎಡೆಗೊಟ್ಟುದೇ ಅದರ ಬಾಳಿಕೆಯ ಗುಟ್ಟು. ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ: ಶಾಲೆಯ ಹುಡುಗರಿಗೂ ದುಡಿಯುವವರಿಗೂ ವರ್ಷವೆಲ್ಲ ತೆರೆದಿರದ ಬಯಲಿಗೆ ಯಾವ ಪುರಸಭೆಯೂ ಸಾರ್ವಜನಿಕರ ಹಣವನ್ನು ಸುರಿಯಕೂಡದು.