ಕಡ ತಂದ ಸೇರು

ಹಳ್ಳಿಗಳಲ್ಲಿರುವ ಸಣ್ಣಪುಟ್ಟ ವಸ್ತುಸಂಗ್ರಹಾಲಯಗಳನ್ನು ನೋಡುವ ಚಟ ನನಗೆ ಮೊದಲಿನಿಂದಲೂ ಇದೆ. ನಾನು ಕಂಡವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಒಂದು ಕೋಣೆ, ಎರಡು ಗಾಜಿನ ಬೀರು, ಮೂಲೆಯಲ್ಲೊಂದು ಒನಕೆ, ಗೋಡೆಗೆ ಒರಗಿಸಿಟ್ಟ ನೇಗಿಲು. ಬೀಗದ ಕೈ ಎದುರು ಮನೆಯಲ್ಲಿ. ಆ ಮನೆಯವರು ಹೊಲಕ್ಕೆ ಹೋಗಿದ್ದರೆ ನೀವು ಜಗಲಿಯ ಮೇಲೆ ಕೂತು ಕಾಯಬೇಕು. ಕಾದು ಒಳಗೆ ಹೋದರೆ ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಲು ಹೋದರೆ ನಿಮ್ಮ ಹಿಂದಿನ ಸಹಿಗೆ ಆರು ತಿಂಗಳಾಗಿರುತ್ತದೆ. ಅದೂ ಪರ ಊರಿನವರದು.

ಊರಿನವರು ಯಾಕೆ ಬರುವುದಿಲ್ಲ? ಈ ಪ್ರಶ್ನೆಯನ್ನು ಒಮ್ಮೆ ಬೀಗದ ಕೈ ತಂದುಕೊಟ್ಟ ಯಜಮಾನರಿಗೇ ಕೇಳಿದ್ದೆ. ಅವರು ನಕ್ಕು, "ಉದ್ಘಾಟನೆ ದಿನ ಎಲ್ಲಾರೂ ನೋಡವ್ರಲ್ಲ ಸ್ವಾಮಿ, ಅದ್ನೇ ಎಷ್ಟು ಸಲ ನೋಡೋದು?" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಅದಕ್ಕೆ ಒಂದು ದೊಡ್ಡ ಕಾರಣವೂ ಇದೆ. ನಮ್ಮ ಹಳ್ಳಿಗಳಲ್ಲಿ ಸಿಕ್ಕಿದ ಮುಖ್ಯವಾದ ವಸ್ತುಗಳು ಹಳ್ಳಿಗಳಲ್ಲಿ ಉಳಿದಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯನ್ನೇ ನೋಡಿ. ಐದನೆಯ ಶತಮಾನದ್ದೆಂದು ಹೇಳುವ ಹೆಸರಾಂತ ಕನ್ನಡ ಶಾಸನ ಆ ಊರಿನದು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದರು. ಮೂಲ ಕಲ್ಲು ಮೈಸೂರು ಸೇರಿತು. ಊರಿನಲ್ಲಿ ಇಂದು ಇರುವುದು ಅದರ ಪ್ರತಿಕೃತಿ. ಜಾನಪದ ವಸ್ತುಗಳ ಕಥೆಯೂ ಇದೇ. ಮೈಸೂರಿನ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ, ರಾಮನಗರದ ಬಳಿಯ ಜಾನಪದ ಲೋಕಕ್ಕಾಗಿ ಎಚ್. ಎಲ್. ನಾಗೇಗೌಡ ಊರೂರು ಅಲೆದು ವಸ್ತುಗಳನ್ನು ಒಟ್ಟುಮಾಡಿದರು. ಅವರು ಹಾಗೆ ಮಾಡಿರದಿದ್ದರೆ ಎಷ್ಟೋ ವಸ್ತುಗಳು ಗುಜರಿ ಸೇರುತ್ತಿದ್ದವು, ಇಲ್ಲವೆ ಒಲೆಗೆ ಹೋಗುತ್ತಿದ್ದವು. ಅವರ ಋಣ ದೊಡ್ಡದು. ಆದರೂ ಒಂದು ಮಾತು ಉಳಿಯುತ್ತದೆ. ಕೊಟ್ಟ ಹಳ್ಳಿಯ ಪಾಲಿಗೆ ಏನು ಉಳಿಯಿತು?

ಉಳಿದದ್ದು ಬಹಳ ಇದೆ, ಆದರೆ ಅದು ಬೀರುವಿನಲ್ಲಿಲ್ಲ, ಮನೆಮನೆಗಳಲ್ಲಿದೆ ಎಂದು ನನಗೆ ತೋರಿಸಿಕೊಟ್ಟದ್ದು ಬಯಲುಸೀಮೆಯ ಒಂದು ಹಳ್ಳಿ. ಅಲ್ಲಿಯೂ ಮೇಲೆ ಹೇಳಿದಂಥದೇ ಒಂದು ಕೋಣೆ ಇದೆ. ನಿವೃತ್ತ ಮೇಷ್ಟ್ರೊಬ್ಬರು ನೋಡಿಕೊಳ್ಳುತ್ತಾರೆ. ಊರಿನವರು ಒಳಗೆ ಕಾಲಿಡುತ್ತಿಲ್ಲವೆಂದು ಬೇಸತ್ತ ಅವರು, ನೇಗಿಲು ಒನಕೆಗಳನ್ನು ಒಂದು ಬದಿಗೆ ಸರಿಸಿ, ಒಂದು ತಿಂಗಳ ಮಟ್ಟಿಗೆ ತಾತ್ಕಾಲಿಕ ಪ್ರದರ್ಶನವೊಂದನ್ನು ಏರ್ಪಡಿಸಿದರು. ವಿಷಯ ಒಂದೇ, ಅಳತೆ. "ನಿಮ್ಮ ಮನೆಯಲ್ಲಿರುವ ಹಳೆಯ ಸೇರು, ಪಾವು, ಕೊಳಗ ಏನಿದ್ದರೂ ಕಡ ಕೊಡಿ. ತಿಂಗಳು ಕಳೆದ ಮೇಲೆ ನಾನೇ ತಂದು ಒಪ್ಪಿಸುತ್ತೇನೆ" ಎಂದು ಮನೆಮನೆಗೆ ಹೋಗಿ ಕೇಳಿದರು.

'ದಾನ ಕೊಡಿ' ಎಂದಿದ್ದರೆ ಹೆಚ್ಚು ಜನ ಕೊಡುತ್ತಿರಲಿಲ್ಲ. ಅಜ್ಜಿ ಅಳೆದ ಪಾವನ್ನು ಗಾಜಿನ ಹಿಂದೆ ಇಟ್ಟು ಶಾಶ್ವತವಾಗಿ ಕಳೆದುಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಆದರೆ ಕಡ ಕೊಡುವುದು ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಮದುವೆ ಬಂತೆಂದರೆ ಕೊಳದಪ್ಪಲೆ, ಕೊಪ್ಪರಿಗೆ, ಹಂಡೆಗಳು ಮನೆಯಿಂದ ಮನೆಗೆ ನಡೆದು ಹೋಗಿ, ಮದುವೆ ಮುಗಿದ ಮೇಲೆ ತಮ್ಮತಮ್ಮ ಮನೆಗೆ ಮರಳುತ್ತಿದ್ದವು. ಪಾತ್ರೆಯ ಮೇಲೆ ಹೆಸರು ಕೆತ್ತಿಸುವ ಪದ್ಧತಿ ಬೆಳೆದದ್ದೂ ಇದೇ ಕಾರಣಕ್ಕೆ. ಮೇಷ್ಟ್ರು ಈ ಹಳೆಯ ರೂಢಿಯನ್ನೇ ತಮ್ಮ ಕೋಣೆಗೆ ತಂದರು, ಅಷ್ಟೆ.

ನಾನು ಹೋದಾಗ ಗೋಡೆಯುದ್ದಕ್ಕೂ ಬೆಂಚು ಹಾಕಿ ಅಳತೆಗಳನ್ನು ಜೋಡಿಸಿದ್ದರು. ಚಟಾಕು, ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗ. ಕೆಲವು ಹಿತ್ತಾಳೆಯವು, ಕೆಲವು ಕಬ್ಬಿಣದವು, ಒಂದೆರಡು ಬಿದಿರಿನವು. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂದು ಶಾಲೆಯ ಮಕ್ಕಳು ರಟ್ಟಿನ ಮೇಲೆ ಬರೆದಿದ್ದರು. ಹೊಲಗದ್ದೆಗಳನ್ನು ಬಿತ್ತನೆ ಬೀಜದ ಅಳತೆಯಿಂದ ಗುರುತಿಸುತ್ತಿದ್ದರೆಂದು ಇನ್ನೊಂದು ರಟ್ಟು ಹೇಳುತ್ತಿತ್ತು. ಅದನ್ನು ಓದಿದ ಹುಡುಗನೊಬ್ಬ, "ಹಂಗಾದ್ರೆ ನಮ್ದು ಖಂಡುಗದ ಗದ್ದೆ ಅಂತಾರಲ್ಲ, ಅದು ಇದೇನಾ?" ಎಂದು ಕಣ್ಣರಳಿಸಿದ. ದಿನವೂ ನಾಲಿಗೆಯ ಮೇಲಿದ್ದ ಹೆಸರಿನ ಅರ್ಥ ಅವನಿಗೆ ಆ ದಿನ ತಿಳಿಯಿತು.

ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯ ಅಳತೆಯನ್ನು 'ಒಂದು' ಎನ್ನದೆ 'ಲಾಭ' ಎಂದು ಎಣಿಸುತ್ತಿದ್ದುದನ್ನು ರೈತರೊಬ್ಬರು ಅಲ್ಲೇ ರಾಗಿ ಅಳೆದು ತೋರಿಸಿದರು. ಸೇರು ಕೊಳಗಗಳು ವ್ಯವಹಾರದಿಂದ ಹಿಂದೆ ಸರಿದದ್ದು ಹೇಗೆಂಬುದೂ ಒಂದು ಹಾಳೆಯಲ್ಲಿತ್ತು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ಅದಕ್ಕೆ ಹಿಂದೆ ರೂಪಾಯಿಗೆ 16 ಆಣೆ, 64 ಪೈಸೆ. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ಪ್ರಕಾರ 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಕಿಲೋಗ್ರಾಂ, ಲೀಟರುಗಳು ಬಂದವು. ಅಂಗಡಿಯಿಂದ ಸೇರು ಹೋಯಿತು. ಅಡಿಗೆಮನೆಯ ಅಕ್ಕಿ ಡಬ್ಬದೊಳಗೆ ಪಾವು ಮಾತ್ರ ಹಾಗೇ ಕೂತಿತು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಬೆಂಚಿನ ಒಂದು ಕಡೆ ಎರಡು ಸೇರುಗಳನ್ನು ಅಕ್ಕಪಕ್ಕ ಇಟ್ಟಿದ್ದರು. ಒಂದು ದೊಡ್ಡ ಬೀದಿಯ ಮನೆಯದು, ಇನ್ನೊಂದು ಊರಾಚೆಯ ಕೇರಿಯಿಂದ ಬಂದದ್ದು. ಮಕ್ಕಳು ಮೊದಲನೆಯದರ ತುಂಬ ರಾಗಿ ತುಂಬಿ ಎರಡನೆಯದಕ್ಕೆ ಸುರಿದರೆ ಒಂದು ಹಿಡಿಗೂ ಮೀರಿ ಹೊರಗೆ ಚೆಲ್ಲುತ್ತಿತ್ತು. ಅಲ್ಲೇ ನಿಂತು ನೋಡುತ್ತಿದ್ದ ಕೇರಿಯ ಮುದುಕಿಯೊಬ್ಬಳು ತಣ್ಣಗೆ ಹೇಳಿದಳು: "ಕೊಡೋ ಸೇರು ಬ್ಯಾರೆ, ಇಸ್ಕೊಳ್ಳೋ ಸೇರು ಬ್ಯಾರೆ ಇತ್ತು ಕಣಪ್ಪ. ಕೂಲಿ ಕೊಡೋವಾಗ ಮ್ಯಾಲೆ ಕೈಯಾಡ್ಸಿ ಸಮ ಮಾಡೋರು. ಸಾಲ ತೀರ್ಸೋವಾಗ ಗೋಪುರ ಏಳಿಸ್ಬೇಕಿತ್ತು."

ಕೋಣೆ ಒಂದು ಗಳಿಗೆ ನಿಶ್ಶಬ್ದವಾಯಿತು. ದೊಡ್ಡ ಬೀದಿಯ ಮನೆಯವರೂ ಅಲ್ಲಿದ್ದರು. ಮೇಷ್ಟ್ರು ಏನು ಮಾಡುತ್ತಾರೋ ಎಂದು ನಾನು ನೋಡುತ್ತಿದ್ದೆ. ಅವರು ಪುಸ್ತಕ ತೆರೆದು, "ನಿಧಾನವಾಗಿ ಹೇಳವ್ವ, ಬರ್ಕೋತೀನಿ" ಎಂದರು. ಆಕೆಯ ಗಂಡ ಜೀತಕ್ಕಿದ್ದವನು. ವರ್ಷಕ್ಕೆ ಎಷ್ಟು ಕಾಳು, ಯಾವ ಹಬ್ಬಕ್ಕೆ ಯಾವ ಬಟ್ಟೆ, ಸಾಲ ಹೇಗೆ ಬೆಳೆಯಿತು, ಎಲ್ಲವನ್ನೂ ಹೇಳಿದಳು. ಜೀತ ಪದ್ಧತಿಯನ್ನು ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ. ಆ ಇಸವಿ ಶಾಲೆಯ ಪುಸ್ತಕದಲ್ಲಿ ಸಿಗುತ್ತದೆ. ಕೈಯಾಡಿಸಿ ಸಮ ಮಾಡಿದ ಸೇರು ಅಲ್ಲಿ ಸಿಗುವುದಿಲ್ಲ. ಕೊನೆಗೆ ದೊಡ್ಡ ಬೀದಿಯ ಮನೆಯ ಹಿರಿಯರೇ, "ನಮ್ಮ ತಾತನ ಕಾಲದಲ್ಲಿ ಹಂಗೇ ಇತ್ತು, ಬರ್ಕೊಳ್ಳಿ ಮೇಷ್ಟ್ರೇ" ಎಂದು ಮೆಲ್ಲಗೆ ಹೇಳಿ ಹೊರಗೆ ಹೋದರು.

ಗಾಜಿನ ಬೀರುವಿನಲ್ಲಿ ವರ್ಷಗಟ್ಟಲೆ ಕೂತ ಸೇರು ಆ ಮಾತನ್ನು ಹೊರಡಿಸುತ್ತಿರಲಿಲ್ಲ. ಬೀರುವಿನ ವಸ್ತುವನ್ನು ಯಾರೋ ದೊಡ್ಡವರು ಕೊಟ್ಟಿರುತ್ತಾರೆ, ಅದರ ಮೇಲೆ ಅವರ ಹೆಸರಿರುತ್ತದೆ. ಹೀಗಾಗಿ ಶಾಶ್ವತ ಸಂಗ್ರಹದಲ್ಲಿ ಊರಿನ ಒಂದೆರಡು ಮನೆಗಳ ಚರಿತ್ರೆಯೇ ಊರಿನ ಚರಿತ್ರೆ ಎಂದಾಗಿಬಿಡುತ್ತದೆ. ತಾತ್ಕಾಲಿಕ ಪ್ರದರ್ಶನಕ್ಕೆ ಎಲ್ಲ ಕೇರಿಗಳಿಂದಲೂ ವಸ್ತು ಬೇಕು. ವಸ್ತುವಿನ ಹಿಂದೆ ಅದರ ಒಡೆಯರು ಬರುತ್ತಾರೆ. ಒಡೆಯರ ಜೊತೆ ಮಾತು ಬರುತ್ತದೆ. ಸಣ್ಣ ಸಂಗ್ರಹಾಲಯದ ನಿಜವಾದ ಆಸ್ತಿ ಈ ಮಾತು. ಅದನ್ನು ಆಡಬಲ್ಲವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ನಿಮ್ಮ ಊರಿನಲ್ಲೂ ಇಂಥದೊಂದನ್ನು ಮಾಡಬೇಕೆನಿಸಿದರೆ ದೊಡ್ಡ ಖರ್ಚೇನಿಲ್ಲ. ಆದರೆ ಶಿಸ್ತು ಬೇಕು. ಕಡ ತಂದ ಪ್ರತಿ ವಸ್ತುವಿಗೂ ಪುಸ್ತಕದಲ್ಲಿ ಒಂದು ಸಂಖ್ಯೆ, ಒಡೆಯರ ಹೆಸರು, ತಂದ ದಿನ, ಮರಳಿಸುವ ದಿನ ಇರಲಿ. ಆಗಲೇ ಇರುವ ಬಿರುಕು, ತಗ್ಗುಗಳನ್ನೂ ಬರೆದು, ಫೋಟೋ ತೆಗೆದು, ಒಡೆಯರಿಗೆ ಚೀಟಿ ಕೊಡಿ. ಹಿತ್ತಾಳೆ ಹೊಳೆಯಲೆಂದು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಸವೆದ ಅಂಚು, ಅಳಿಸಿಹೋಗುತ್ತಿರುವ ಮುದ್ರೆಗಳೇ ಅದರ ಚರಿತ್ರೆ. ಮರದ ವಸ್ತುಗಳನ್ನು ಒಳಗೆ ತರುವ ಮೊದಲು ಗೆದ್ದಲು, ಹುಳು ಇವೆಯೇ ನೋಡಿ. ವಸ್ತುವಿನ ಹೆಸರನ್ನು ನಿಮ್ಮ ಊರಿನವರು ಕರೆಯುವಂತೆಯೇ ಬರೆಯಿರಿ.

ಕೆಲವನ್ನು ತರಬಾರದು. ಯಾರದಾದರೂ ಮನೆಯಲ್ಲಿ ಕಡತ ಇರಬಹುದು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕ ಅದು. ಹತ್ತು ಜನ ಮುಟ್ಟಿದರೆ ಅಕ್ಷರ ಅಳಿಸಿಹೋಗುತ್ತದೆ. ಅದರ ಫೋಟೋ ಸಾಕು. ಹೊಲದಲ್ಲಿರುವ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಅಲುಗಿಸಬೇಡಿ. ಅವು ನಿಂತ ಜಾಗವೂ ಅವುಗಳ ಅರ್ಥದ ಭಾಗ. ನೂರು ವರ್ಷ ದಾಟಿದ ವಿಗ್ರಹ, ತಾಮ್ರಪಟಗಳಂಥವು, ಮಹತ್ವದ ಹಸ್ತಪ್ರತಿಯಾದರೆ 75 ವರ್ಷ ದಾಟಿದವು, 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅಂಥವು ಕಂಡರೆ ಪುರಾತತ್ವ ಇಲಾಖೆಗೆ ತಿಳಿಸುವುದು ಒಳ್ಳೆಯದು. ನೆಲ ಅಗೆಯುವಾಗ ಸಿಕ್ಕಿದ ನಾಣ್ಯ, ಒಡವೆಗಳಿದ್ದರಂತೂ ತಿಳಿಸಲೇಬೇಕು.

ನಗರದ ದೊಡ್ಡ ಸಂಗ್ರಹಾಲಯಗಳಿಗೂ ಒಂದು ಮಾತು. ಹಳ್ಳಿಯವರು ಕಡ ಕೊಡಲು ಸಿದ್ಧರಿರುವಾಗ ನೀವೂ ಕೊಡಬಹುದಲ್ಲ? ಶಾಸನದ ಕಲ್ಲುಗಳನ್ನು ಲಾರಿಯಲ್ಲಿ ಹೇರಿಕೊಂಡು ಬನ್ನಿ ಎನ್ನುತ್ತಿಲ್ಲ. ಆದರೆ ನಿಮ್ಮ ಉಗ್ರಾಣದಲ್ಲಿರುವ ಒಂದು ಸೊಡರು, ಒಂದು ತೊಗಲುಗೊಂಬೆ, ಒಂದು ಕೊಳಗ, ತಕ್ಕ ಕಾವಲಿನಲ್ಲಿ, ಹದಿನೈದು ದಿನದ ಮಟ್ಟಿಗೆ ತನ್ನ ಊರಿಗೆ ಬಂದು ಹೋಗಲಿ. ಮದುವೆಯಾಗಿ ಹೋದ ಮಗಳು ಹಬ್ಬಕ್ಕೆ ತವರಿಗೆ ಬರುವುದಿಲ್ಲವೇ?

ತಿಂಗಳು ಮುಗಿದ ಮೇಲೆ ಮೇಷ್ಟ್ರು ಕೊಟ್ಟ ಮಾತಿನಂತೆ ಚೀಲ ಹೊತ್ತು ಮನೆಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿ ಸಹಿ ಪಡೆದರಂತೆ. ಕೇರಿಯ ಮುದುಕಿ ಹೆಬ್ಬೆಟ್ಟು ಒತ್ತಿ, ತನ್ನ ಸೇರನ್ನು ತಿರುಗಿಸಿ ನೋಡಿ, ಸೆರಗಿನಲ್ಲಿ ಒರೆಸಿ ರಾಗಿ ಡಬ್ಬದೊಳಕ್ಕೆ ಇಟ್ಟಳಂತೆ. ಕೋಣೆಯಲ್ಲಿ ಈಗ ಬೆಂಚು ಖಾಲಿ. ಉಳಿದದ್ದು ಇನ್ನೂರು ಪುಟದ ಒಂದು ನೋಟುಪುಸ್ತಕ. ಅರ್ಧ ತುಂಬಿದೆ.

ಮುಂದಿನ ಪ್ರದರ್ಶನ ಬಾವಿಗಳ ಬಗ್ಗೆಯಂತೆ. ಯಾರು ಯಾವ ಬಾವಿಯ ನೀರು ಸೇದಬಹುದಿತ್ತು, ಯಾರು ಸೇದಬಾರದಿತ್ತು ಎಂದು ಈಗಲೇ ಒಂದಿಬ್ಬರು ಮೇಷ್ಟ್ರ ಜಗಲಿಗೆ ಬಂದು ಹೇಳಲು ಶುರು ಮಾಡಿದ್ದಾರೆ.