ಹಳಿ ಕೂಡಿತು, ಸರಕು?

ಚಳ್ಳಕೆರೆಯ ಶೇಂಗಾ ಎಣ್ಣೆ, ಮೊಳಕಾಲ್ಮುರು ಸೀರೆ ನಾಡಿಗೆಲ್ಲ ಪರಿಚಿತ. ಆದರೆ ಈ ಊರುಗಳಿಗೆ ರೈಲು ಬಂದದ್ದು ಬಹಳ ತಡವಾಗಿ.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಬಳ್ಳಾರಿಯಿಂದ ರಾಯದುರ್ಗಕ್ಕೆ ಮೀಟರ್ ಗೇಜ್ ಹಳಿ ಬಂದಿತ್ತು. ಆಗ ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ಪ್ರದೇಶ. ಇತ್ತ ಮೈಸೂರು ಸಂಸ್ಥಾನದಲ್ಲಿ, 1921ರಲ್ಲಿ, ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಇನ್ನೊಂದು ಮೀಟರ್ ಗೇಜ್ ಮಾರ್ಗ ತೆರೆಯಿತು. ಎರಡು ಹಳಿಗಳೂ ಅಲ್ಲಲ್ಲಿಗೇ ನಿಂತವು. ನಡುವೆ ಉಳಿದ ಸುಮಾರು 100 ಕಿ.ಮೀ. ಬಯಲಿನಲ್ಲಿಯೇ ಚಳ್ಳಕೆರೆ, ತಳಕು, ಮೊಳಕಾಲ್ಮುರು ಇದ್ದವು.

ಕೊನೆ ಮುಚ್ಚಿದ ಹಳಿ ಓಣಿಯಿದ್ದಂತೆ. ಆ ಓಣಿಯವರಷ್ಟೇ ಅಲ್ಲಿ ಓಡಾಡುತ್ತಾರೆ. ಎರಡೂ ತುದಿ ತೆರೆದರೆ ಅದು ಹೆದ್ದಾರಿ. ಕಳೆದ ಶತಮಾನದ ಕೊನೆಯ ಭಾಗದಲ್ಲಿ ಈ ಅಂತರ ತುಂಬಿತು. ಇಂದು ಚಿಕ್ಕಜಾಜೂರಿನಿಂದ ಬಳ್ಳಾರಿಯವರೆಗೂ ಒಂದೇ ಬ್ರಾಡ್ ಗೇಜ್ ಮಾರ್ಗ. ಬಳ್ಳಾರಿ ಸೀಮೆಯ ಅದಿರು ದಕ್ಷಿಣಕ್ಕೆ, ಹಾಸನದ ಮೂಲಕ ಮಂಗಳೂರಿನತ್ತ ಸಾಗಲು ಇದು ದಾರಿಯಾಯಿತು.

ಸರಕಿಗೆ ರೈಲೇ ಏಕೆ? ಉತ್ತರ ಭೌತಶಾಸ್ತ್ರದಲ್ಲಿದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಘರ್ಷಣೆ ತೀರ ಕಡಿಮೆ. ಸಮತಟ್ಟಿನಲ್ಲಿ ಒಂದು ಟನ್ ಭಾರವನ್ನು ನಿಧಾನವಾಗಿ ಎಳೆಯಲು ಎರಡು–ಮೂರು ಕಿಲೋ ತೂಕದಷ್ಟು ಬಲ ಸಾಕು. ಡಾಂಬರು ರಸ್ತೆಯ ಲಾರಿಗೆ ಅದರ ಮೂರು–ನಾಲ್ಕು ಪಟ್ಟು ಬೇಕು. ಆದರೆ 100 ಅಡಿಗೆ ಒಂದು ಅಡಿ ಏರು ಬಂದರೆ ಪ್ರತಿ ಟನ್ನಿಗೆ ಇನ್ನೂ 10 ಕಿಲೋದಷ್ಟು ಬಲ ಸೇರಬೇಕು. ಸಕಲೇಶಪುರದ ಘಟ್ಟದಲ್ಲಿ ಏರು 50ಕ್ಕೆ 1. ಅಲ್ಲಿ ಭಾರದ ಗಾಡಿಗಳಿಗೆ ಹೆಚ್ಚುವರಿ ಎಂಜಿನ್ ಬೇಕಾಗುವುದು ಇದರಿಂದಲೇ.

ಇಷ್ಟೆಲ್ಲ ಅನುಕೂಲವಿದ್ದರೂ ಊರಿನ ಸರಕು ರೈಲು ಏರುವುದು ಸುಲಭವಲ್ಲ. ಹಿಂದೆ ವ್ಯಾಪಾರಿಯೊಬ್ಬ ಒಂದೇ ವ್ಯಾಗನ್ ಕಾದಿರಿಸಬಹುದಿತ್ತು. 1980ರ ದಶಕದಿಂದ ರೈಲ್ವೆ ಇಡೀ ಗಾಡಿ, ಅಂದರೆ ಪೂರ್ತಿ ರೇಕ್ ತುಂಬುವ ಸರಕಿಗೇ ಒತ್ತು ಕೊಟ್ಟಿತು. ಗಾಡಿ ನಡುವೆ ಒಡೆಯದೆ ನೇರ ಗುರಿ ಸೇರುವುದರಿಂದ ರೈಲ್ವೆಗೆ ಅದು ಲಾಭ. ಅದಿರಿನ ಒಂದು ರೇಕಿನಲ್ಲಿ ಸಾಮಾನ್ಯವಾಗಿ 58 ವ್ಯಾಗನ್. ಒಂದೊಂದರಲ್ಲಿ ಸುಮಾರು 60 ಟನ್. ಗಣಿಗೆ ಇದು ದೊಡ್ಡದಲ್ಲ. ಒಂದು ಎಣ್ಣೆ ಮಿಲ್ಲಿಗೆ, ನಾಲ್ಕು ಮಗ್ಗದ ನೇಕಾರನಿಗೆ ಬೆಟ್ಟದಷ್ಟು. ಹಳಿ ಊರಿಗೆ ಬರುವ ಹೊತ್ತಿಗೆ ಬಿಡಿ ವ್ಯಾಗನ್ನಿನ ಕಾಲವೇ ಮುಗಿಯುತ್ತಿತ್ತು.

ಹಾಗೆಂದು ಹಳಿ ವ್ಯರ್ಥವಲ್ಲ. ಹತ್ತು ಮಂದಿಯ ಸರಕನ್ನು ಒಂದೆಡೆ ಕೂಡಿಸಿ ಕಳುಹಿಸುವ ಏರ್ಪಾಡು ಇದ್ದರೆ ಸಣ್ಣ ವ್ಯಾಪಾರಿಗೂ ಅದರ ಫಲ ಸಿಕ್ಕೀತು.

ವಿದ್ಯಾರ್ಥಿಗಳಿಗೊಂದು ಲೆಕ್ಕ: ಮೇಲೆ ಹೇಳಿದ ಒಂದು ರೇಕಿನ ಸರಕನ್ನು 10 ಟನ್ ಹೊರುವ ಲಾರಿಗಳಲ್ಲಿ ಸಾಗಿಸಲು ಎಷ್ಟು ಲಾರಿ ಬೇಕು? ಉತ್ತರ ತೆಗೆದ ಮೇಲೆ ಮನೆಯ ಹಿರಿಯರನ್ನೂ ಒಂದು ಮಾತು ಕೇಳಿ: ಅಷ್ಟು ಸರಕು ನಮ್ಮೂರಿನಲ್ಲಿ ಒಂದೇ ದಿನ ಕೂಡೀತೇ?